ತಿಳಿಯದು ಎಂದು ಬರೆದವನು

ಈ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ತಿಂಡಿಗೆ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುತ್ತಾರೆ. ಆ ಔಷಧದ ಕಥೆಯಲ್ಲಿ ಒಬ್ಬ ವಿದ್ಯಾರ್ಥಿ ಇದ್ದಾನೆ.

1869ನೇ ಇಸವಿ. ಬರ್ಲಿನ್ನಿನಲ್ಲಿ ವೈದ್ಯಕೀಯ ಓದುತ್ತಿದ್ದ ಪಾಲ್ ಲ್ಯಾಂಗರ್‌ಹ್ಯಾನ್ಸ್‌ಗೆ ಆಗ 21 ವರ್ಷ. ಸೂಕ್ಷ್ಮದರ್ಶಕದಲ್ಲಿ ಮೇದೋಜೀರಕ ಗ್ರಂಥಿಯನ್ನು ನೋಡುವಾಗ, ಬೇರೆಯೇ ಬಗೆಯ ಜೀವಕೋಶಗಳ ಪುಟ್ಟ ಗುಂಪುಗಳು ಕಂಡವು. ಅವುಗಳ ಕೆಲಸವೇನೆಂದು ತನಗೆ ತಿಳಿಯದು ಎಂದು ಪ್ರಬಂಧದಲ್ಲೇ ಒಪ್ಪಿಕೊಂಡ. ಆದರೂ ಕಂಡದ್ದನ್ನು ಬಿಡದೆ ವಿವರಿಸಿದ. ನನಗೆ ಇದೇ ದೊಡ್ಡದೆನಿಸುತ್ತದೆ. ತಿಳಿಯದು ಎಂದು ಬರೆಯುವ ಧೈರ್ಯವನ್ನು ನಾವು ನಮ್ಮ ಮಕ್ಕಳಿಗೆ ಇನ್ನೂ ಕೊಟ್ಟಿಲ್ಲವಲ್ಲ!

ಆ ಕೋಶಗಳಲ್ಲಿ ತಯಾರಾಗುವ ಇನ್ಸುಲಿನ್ 1921ರಲ್ಲಿ ಟೊರಾಂಟೊದಲ್ಲಿ ಕೈಗೆ ಸಿಕ್ಕಿತು. ಅಲ್ಲಿ ಅದನ್ನು ಹುಡುಕಿದ ವೈದ್ಯ ಬ್ಯಾಂಟಿಂಗ್ ಅವರ ಜೊತೆ ದುಡಿದ ಚಾರ್ಲ್ಸ್ ಬೆಸ್ಟ್ ಕೂಡ ಆಗಷ್ಟೇ ಪದವಿ ಮುಗಿಸಿದ್ದ ಹುಡುಗ.

ನಿಮ್ಮ ಮನೆಯಲ್ಲಿ ಪದವಿ ಓದುವವರಿದ್ದರೆ, ಪ್ರಾಜೆಕ್ಟ್‌ನಲ್ಲಿ ಅರ್ಥವಾಗದೆ ಉಳಿದದ್ದು ಏನೆಂದು ಇವತ್ತು ಕೇಳಿ ನೋಡಿ.