ಮೂರನೇ ವಾರ ತೂಕದ ಮಷೀನ್ ನಿಂತಾಗ

 

ಹೋದ ಕಂತಿನ ಕೊನೆಯಲ್ಲಿ ನನ್ನ ಬೇರಿಯಾಟ್ರಿಕ್ ಸರ್ಜರಿ ಬಗ್ಗೆ ಒಂದೇ ಒಂದು ಮಾತು ಹೇಳಿದ್ದೆ. ಅದಾದ ಮೇಲೆ ಬಂದ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ತಿರುಗಿ ತಿರುಗಿ ಬಂತು. "ಅಕ್ಕಾ, ನಂದೂ ಆಗಿದೆ. ಇಪ್ಪತ್ತು ದಿನ ಆಯ್ತು. ತೂಕ ಇಳೀತಾನೇ ಇಲ್ಲ. ಆಪರೇಷನ್ ಫೇಲ್ ಆಯ್ತಾ?" ಇವತ್ತಿನ ಮಾತು ಅವರಿಗಾಗಿ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಬಿ.ಕಾಂ ಓದಿದವಳು. ಲೆಕ್ಕ ಗೊತ್ತು ಅನ್ನೋ ಧೈರ್ಯದಲ್ಲೇ ಲೆಕ್ಕ ತಪ್ಪಿಸಿಕೊಂಡು ಡ್ರಿಪ್ ಹಾಕಿಸಿಕೊಂಡವಳು.

ನನಗೆ ಮಾಡಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಸುಮಾರು 75ರಿಂದ 80 ಪರ್ಸೆಂಟ್ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆ ಥರ ಮಾಡ್ತಾರೆ. ಹಸಿವು ಹುಟ್ಟಿಸೋ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗೋದು ಆ ತೆಗೆದ ಭಾಗದಲ್ಲೇ. ಹಾಗಾಗಿ ಹೊಟ್ಟೆ ಚಿಕ್ಕದಾಗೋದರ ಜೊತೆಗೆ ಹಸಿವೂ ಕಡಿಮೆ ಆಗುತ್ತೆ.

ಆಪರೇಷನ್ ದಿನ ನನ್ನ ತೂಕ 121 ಕೆ.ಜಿ. ಖರ್ಚಿಗೆ ಅಮ್ಮ ಮುರಿಸಿದ್ದು ನನ್ನ ಮದುವೆಗೆ ಅಂತ ಇಟ್ಟಿದ್ದ ಎಫ್‌ಡಿ. ಇದು ಯಾಕೆ ಮುಖ್ಯ ಅಂತ ಆಮೇಲೆ ಗೊತ್ತಾಗುತ್ತೆ.

ಮೂರನೇ ದಿನ ಮನೆಗೆ ಬಂದು ಮಷೀನ್ ಮೇಲೆ ನಿಂತೆ. 122.3! ಮೂರು ದಿನ ಒಂದು ತುತ್ತು ತಿಂದಿಲ್ಲ, ತೂಕ ಮಾತ್ರ ಜಾಸ್ತಿ. ಅದು ನರದೊಳಗೆ ಹೋದ ಸಲೈನ್ ನೀರು, ಜೊತೆಗೆ ಆಪರೇಷನ್ನಿನ ಊತ. ಯಾರಾದ್ರೂ ಮೊದಲೇ ಹೇಳಿದ್ರೆ ಅವತ್ತು ಅಷ್ಟು ಅಳ್ತಿರಲಿಲ್ಲ.

ಆಮೇಲೆ ಸರಸರ ಇಳೀತು. ಹದಿನೇಳನೇ ದಿನಕ್ಕೆ 114.2. ಖುಷಿಯೋ ಖುಷಿ. ಅಲ್ಲಿಗೆ ನಿಂತುಬಿಡ್ತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು, ದಿನಕ್ಕೆ ಮೂರು ಸಲ ನೋಡ್ತಿದ್ದೆ. 114.2. ಬ್ಯಾಟರಿ ಬದಲಾಯಿಸಿದೆ. 114.2.

ಪೇಷೆಂಟ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಅಣ್ಣ ಫೋಟೋ ಹಾಕಿದ್ರು, 14 ಕೆ.ಜಿ. ಇಳಿದಿದ್ದೀನಿ ಅಂತ. ನಾನು ಇಳಿದಿದ್ದು ಆರು ಚಿಲ್ಲರೆ. ದೊಡ್ಡಮ್ಮ ವಿಡಿಯೋ ಕಾಲ್ ಮಾಡಿ, "ಎದ್ದು ನಿಲ್ಲು ನೋಡೋಣ, ಹಾಗೇ ಇದ್ದೀಯಲ್ಲೇ" ಅಂದ್ರು. ಅಮ್ಮ ಮಾತ್ರ ಏನೂ ಕೇಳ್ತಿರಲಿಲ್ಲ. ಬೆಳಗ್ಗೆ ನಾನು ಮಷೀನಿಂದ ಇಳಿದ ಮೇಲೆ ಒಂದು ಸಲ ನನ್ನ ಮುಖ ನೋಡಿ ಅಡುಗೆಮನೆಗೆ ಹೋಗ್ತಿದ್ರು. ನನಗೆ ಆ ಎಫ್‌ಡಿ ಕಣ್ಣ ಮುಂದೆ ಬರ್ತಿತ್ತು.

ಆಗ ನಾನು ಮಾಡಿದ ದಡ್ಡತನ ಕೇಳಿ. ಪ್ರೋಟೀನ್ ಪುಡಿ ನಿಲ್ಲಿಸಿದೆ. ಮಜ್ಜಿಗೆ ಬಿಟ್ಟೆ. ನೀರೂ ಕಡಿಮೆ ಮಾಡಿದೆ, ನೀರಿಗೂ ತೂಕ ಇದೆಯಲ್ಲ ಅಂತ. ಇಪ್ಪತ್ತೈದನೇ ದಿನ ಬೆಳಗ್ಗೆ ಹಾಸಿಗೆಯಿಂದ ಎದ್ದವಳು ಬಚ್ಚಲುಮನೆ ಬಾಗಿಲ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದೆ. ಅಮ್ಮ ಕೂಗಿಕೊಂಡಿದ್ದು ಇನ್ನೂ ಕಿವಿಯಲ್ಲಿದೆ. ಆಸ್ಪತ್ರೆಗೆ ಕರ್ಕೊಂಡು ಹೋದ್ರೆ, ಡೀಹೈಡ್ರೇಷನ್. ಮತ್ತೆ ಡ್ರಿಪ್.

ಅಲ್ಲಿನ ಡಯಟೀಷಿಯನ್ ಮೇಡಂ ನನ್ನ ಪುಸ್ತಕ ತೆಗೆದು ನೋಡಿದ್ರು. ಬೈತಾರೆ ಅಂದ್ಕೊಂಡಿದ್ದೆ. "ನೀವು ಮೊದಲ ಸಲ ನಮ್ಮ ಹತ್ರ ಬಂದಾಗ ಎಷ್ಟಿದ್ರಿ?" ಅಂತ ಕೇಳಿದ್ರು. 125 ಅಂದೆ. ಆಪರೇಷನ್‌ಗೆ ಮುಂಚೆ ಲಿವರ್ ಕುಗ್ಗಲಿ ಅಂತ ಎರಡು ವಾರ ಪಥ್ಯ ಮಾಡಿಸಿದ್ರಲ್ಲ, ಆಗಲೇ ನಾಲ್ಕು ಕೆ.ಜಿ. ಹೋಗಿತ್ತು. "ಅದನ್ನ ಯಾಕೆ ಬಿಟ್ಟಿದ್ದೀರಾ?" ಅಂದ್ರು.

ನನಗೆ ನಾಚಿಕೆ ಆಯ್ತು ಕಣ್ರೀ. ಓಪನಿಂಗ್ ಬ್ಯಾಲೆನ್ಸ್, ಆರಂಭದ ಶಿಲ್ಕು ತಪ್ಪಿದ್ರೆ ಇಡೀ ಖಾತೆನೇ ತಪ್ಪು ಅನ್ನೋದು ಮೊದಲ ವರ್ಷದ ಪಾಠ. ಗ್ರೂಪಿನ ಅಣ್ಣನಿಗೆ ಮೆಸೇಜ್ ಮಾಡಿ ಕೇಳಿದೆ. ಅವರು ಲೆಕ್ಕ ಹಿಡಿದಿದ್ದು ಮೊದಲ ಭೇಟಿಯ ದಿನದಿಂದ, 160 ಕೆ.ಜಿ.ಯಿಂದ. 160ಕ್ಕೆ 14 ಅಂದ್ರೆ 8.75 ಪರ್ಸೆಂಟ್. ನಂದು 125ರಿಂದ 114.2, ಅಂದ್ರೆ 10.8 ಕೆ.ಜಿ., 8.64 ಪರ್ಸೆಂಟ್. ಹೆಚ್ಚುಕಡಿಮೆ ಇಬ್ಬರದೂ ಒಂದೇ! ಅವರು ಓಡ್ತಿದ್ದಾರೆ, ನಾನು ಕೂತಿದ್ದೀನಿ ಅಂತ ಎಂಟು ದಿನ ಅತ್ತಿದ್ದು ದಂಡ.

ಹಾಗಾದ್ರೆ ಮಷೀನ್ ಯಾಕೆ ನಿಲ್ಲುತ್ತೆ? ಮೇಡಂ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳ್ತೀನಿ. ನಮ್ಮ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಗ್ಲೈಕೋಜೆನ್ ಅನ್ನೋ ಸಕ್ಕರೆಯ ದಾಸ್ತಾನು ಇರುತ್ತೆ. ಅದು ಪ್ರತಿ ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತೆ. ಊಟ ಇಲ್ಲದಿದ್ದಾಗ ಮೊದಲು ಖರ್ಚಾಗೋದು ಇದು. ನೀರೂ ಜೊತೆಗೇ ಹೋಗುತ್ತೆ. ಮೊದಲ ದಿನಗಳ ದೊಡ್ಡ ಇಳಿಕೆಯಲ್ಲಿ ನೀರಿನ ಪಾಲೇ ಜಾಸ್ತಿ. ಎರಡು-ಮೂರು ವಾರ ಆದ ಮೇಲೆ ದೇಹ ಸ್ವಲ್ಪ ನೀರನ್ನು ವಾಪಸ್ ಹಿಡಿದುಕೊಳ್ಳುತ್ತೆ. ಕೊಬ್ಬು ಕರಗೋದು ನಿಂತಿರಲ್ಲ, ನಮಗೆ ಕಾಣಿಸಲ್ಲ ಅಷ್ಟೆ. ಇದು ಎಷ್ಟೋ ಜನರಿಗೆ ಆಗೋದೇ. ಮೂರನೇ ವಾರದ ಸ್ಟಾಲ್ ಅಂತ ಇದಕ್ಕೆ ಹೆಸರೇ ಇದೆ.

ಲೆಕ್ಕ ಹಾಕಿ ನೋಡಿ. ದಿನಕ್ಕೆ ಸಾವಿರ ಕ್ಯಾಲರಿ ಕೊರತೆ ಅಂತಿಟ್ಕೊಳ್ಳಿ. ಎಂಟು ದಿನಕ್ಕೆ 8,000. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲರಿ. ಅಲ್ಲಿಗೆ ಒಂದು ಕೆ.ಜಿ. ಕೊಬ್ಬು ಹೋಯ್ತು. ಅದೇ ಹೊತ್ತಿಗೆ ಒಂದು ಲೀಟರ್ ನೀರು ದೇಹದಲ್ಲಿ ಉಳಿದುಕೊಂಡ್ರೆ? ಮಷೀನಿಗೆ ಏನೂ ಆಗಿಲ್ಲ. ಹುಡುಗೀರಿಗೆ ಇನ್ನೊಂದು ಮಾತು. ಪೀರಿಯಡ್ಸ್ ಹತ್ತಿರ ಇದ್ದಾಗ ನೀರು ಇನ್ನೂ ಜಾಸ್ತಿ ನಿಲ್ಲಬಹುದು. ಮಲಬದ್ಧತೆ ಇದ್ರೂ ತೂಕ ಮೇಲೆ ಕೆಳಗೆ ಆಗುತ್ತೆ.

ಅವತ್ತಿಂದ ನಾನು ಏನು ಬದಲಾಯಿಸಿದೆ? ಒಂದು, ವಾರಕ್ಕೆ ಒಂದೇ ಸಲ ತೂಕ. ಭಾನುವಾರ ಬೆಳಗ್ಗೆ, ಬಚ್ಚಲಿಗೆ ಹೋಗಿಬಂದ ಮೇಲೆ, ಖಾಲಿ ಹೊಟ್ಟೆಯಲ್ಲಿ. ಉಳಿದ ದಿನ ಮಷೀನ್ ಅಟ್ಟದ ಮೇಲೆ. ಅಮ್ಮನೇ ಹತ್ತಿ ಇಟ್ರು. ಎರಡು, ಟೈಲರ್ ಟೇಪ್ ತಂದು ಹದಿನೈದು ದಿನಕ್ಕೊಮ್ಮೆ ಸೊಂಟ ಅಳೆದೆ. ತೂಕ ನಿಂತಿದ್ದ ಒಂದು ಹದಿನೈದು ದಿನದಲ್ಲಿ ಸೊಂಟ ಮೂರು ಸೆಂಟಿಮೀಟರ್ ಇಳಿದಿತ್ತು.

ಮೂರು, ಪ್ರೋಟೀನ್. ಸಾಮಾನ್ಯವಾಗಿ ದಿನಕ್ಕೆ 60ರಿಂದ 80 ಗ್ರಾಂ ಅಂತ ಹೇಳ್ತಾರೆ. ನಿಮ್ಮ ಗುರಿ ಎಷ್ಟು ಅಂತ ನಿಮ್ಮ ಡಯಟೀಷಿಯನ್ನರನ್ನೇ ಕೇಳಿ. ನಮ್ಮಮ್ಮ ಬೇಳೆ ಕಟ್ಟಿನಲ್ಲೇ ಎಲ್ಲ ಇದೆ ಅಂತ ನಂಬಿದ್ರು. ಬೇಳೆ ತಳದಲ್ಲಿ ಉಳಿದು ಬರೀ ತಿಳಿ ಕುಡಿದ್ರೆ ಸಿಗೋದು ತೀರಾ ಕಡಿಮೆ. ಒಂದು ಮೊಟ್ಟೆಯಲ್ಲೇ ಸುಮಾರು ಆರು ಗ್ರಾಂ ಇರುತ್ತೆ, ಆದ್ರೆ ಮೊಟ್ಟೆ ತಿನ್ನೋ ಹಂತ ಬರೋವರೆಗೆ ಪುಡಿ ಬೇಕೇ ಬೇಕು. ಪ್ರೋಟೀನ್ ಸಾಲದಿದ್ರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ. ನಾಲ್ಕು, ನೀರು. ದಿನಕ್ಕೆ ಒಂದೂವರೆ ಲೀಟರಿಗಾದ್ರೂ ಗುರಿ ಇಡಿ, ಗುಟುಕು ಗುಟುಕಾಗಿ, ಊಟದ ಜೊತೆ ಅಲ್ಲ. ಐದು, ಡಾಕ್ಟರ್ ಒಪ್ಪಿದಷ್ಟು ನಡಿಗೆ. ವಿಟಮಿನ್ ಮಾತ್ರೆ ಮಾತ್ರ ಜೀವನಪೂರ್ತಿ, ತೂಕ ಇಳೀಲಿ ಬಿಡಲಿ.

ಇನ್ನೊಂದು ವಿಷಯ, ಇದನ್ನ ಗಟ್ಟಿಯಾಗಿ ಹೇಳ್ತೀನಿ. ತೂಕ ನಿಂತ್ರೆ ಕಾಯಬಹುದು. ಜ್ವರ, ಎದೆ ವಿಪರೀತ ಹೊಡ್ಕೊಳ್ಳೋದು, ಉಸಿರಾಟದ ಕಷ್ಟ, ಹೆಚ್ಚಾಗ್ತಿರೋ ಹೊಟ್ಟೆನೋವು, ನಿಲ್ಲದ ವಾಂತಿ, ಒಂದು ಕಾಲು ಮಾತ್ರ ಊದಿ ನೋಯೋದು, ನೀರೂ ಕೆಳಗೆ ಇಳಿಯದಿರೋದು, ಇವುಗಳಿಗೆ ಕಾಯಬೇಡಿ. ಗ್ರೂಪಿನಲ್ಲಿ ಕೇಳ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.

ಡ್ರಿಪ್ ಹಾಕಿಸಿಕೊಂಡ ಮರುದಿನ ನನ್ನ ತೂಕ 115.1 ಇತ್ತು. ಈ ಸಲ ಅಳಲಿಲ್ಲ. ಮೂವತ್ಮೂರನೇ ದಿನ 112. ಈಗ ಒಂದು ವರ್ಷ ಎರಡು ತಿಂಗಳಾಗಿದೆ, 89 ಕೆ.ಜಿ. ಮಧ್ಯದಲ್ಲಿ ಇನ್ನೂ ನಾಲ್ಕು ಸಲ ನಿಂತಿತ್ತು, ಒಂದು ಸಲವಂತೂ ಮೂರು ವಾರ. ನಿಮ್ಮದು ಇದಕ್ಕಿಂತ ಬೇಗ ಇಳೀಬಹುದು, ನಿಧಾನವೂ ಆಗಬಹುದು. ವಯಸ್ಸು, ಆರಂಭದ ತೂಕ, ಶುಗರ್, ಥೈರಾಯ್ಡ್, ತಗೊಳ್ಳೋ ಮಾತ್ರೆ, ಎಲ್ಲದಕ್ಕೂ ಅದರಲ್ಲಿ ಪಾಲಿದೆ. ತಿಂಗಳುಗಟ್ಟಲೆ ಅಲ್ಲಾಡದಿದ್ರೆ ಡಾಕ್ಟರ್ ಹತ್ರ ಹೋಗಿ, ಪುಸ್ತಕ ತಗೊಂಡು ಹೋಗಿ.

ಹೋದ ತಿಂಗಳು ಅಮ್ಮನಿಗೆ ಕೇಳಿದೆ, ಆ ದಿನಗಳಲ್ಲಿ ನೀವು ಯಾಕೆ ಒಂದು ಮಾತೂ ಕೇಳಲಿಲ್ಲ, ದುಡ್ಡು ಹೋಯ್ತು ಅಂತ ಅನಿಸಿತ್ತಾ ಅಂತ. ಅಮ್ಮ ಅಂದ್ರು, "ದುಡ್ಡಿನ ಯೋಚನೆ ಯಾರಿಗಿತ್ತೇ? ನೀನು ಇವತ್ತಾದ್ರೂ ಮಜ್ಜಿಗೆ ಕುಡೀತೀಯೋ ಇಲ್ವೋ ಅಂತ ನೋಡ್ತಿದ್ದೆ."

ಇಪ್ಪತ್ತನೇ ದಿನದಲ್ಲಿ ಇದನ್ನ ಕೇಳ್ತಿದ್ದೀರಾ? ಪಕ್ಕದಲ್ಲಿ ನೀರಿನ ಬಾಟಲಿ ಇದ್ರೆ ಒಂದು ಗುಟುಕು ಕುಡೀರಿ. ಮಷೀನ್ ಭಾನುವಾರ ನೋಡಿದ್ರಾಯ್ತು.