ಪಿಕಪ್ ವಾಹನದ ಹಿಂದಿನ ಷಾಕ್ ಅಬ್ಸಾರ್ಬರ್: ಬದಲಾಯಿಸುವ ಕಾಲ ಮತ್ತು ಕ್ರಮ

(ಮುಂಬಯಿ ಮತ್ತು ಪುಣೆಯ ಕನ್ನಡಿಗ ಚಾಲಕರು ಹಾಗೂ ವಾಹನ ಮಾಲೀಕರಿಗಾಗಿ ನೀಡಿದ ಭಾಷಣ)



ಊರಿನಿಂದ ದೂರ ಬಂದು, ಒಂದೇ ಒಂದು ಪಿಕಪ್ ವಾಹನವನ್ನು ನಂಬಿ ಸಂಸಾರ ಸಾಗಿಸುತ್ತಿರುವವರು ನಿಮ್ಮಲ್ಲಿ ಅನೇಕರಿದ್ದೀರಿ. ವಾಶಿಯ ಮಾರುಕಟ್ಟೆಯಿಂದ ಹಣ್ಣು, ತರಕಾರಿ, ದಿನಸಿಗಳನ್ನು ಹೊತ್ತೊಯ್ಯುವ ಆ ವಾಹನದ ಎಂಜಿನ್, ಬ್ರೇಕು, ಟೈರುಗಳ ಮೇಲೆ ನಿಮ್ಮ ಗಮನ ಸದಾ ಇರುತ್ತದೆ. ಹಿಂದಿನ ಆಕ್ಸಲ್ಲಿನ ಬಳಿ ಮರೆಯಲ್ಲಿರುವ ಎರಡು ಷಾಕ್ ಅಬ್ಸಾರ್ಬರುಗಳು ಮಾತ್ರ ಕೆಟ್ಟುಹೋಗುವವರೆಗೂ ನೆನಪಿಗೆ ಬರುವುದು ಅಪರೂಪ.

ಭಾರ ಹೊರುವುದೇ ಇವುಗಳ ಕೆಲಸವೆಂದು ಹಲವರು ಭಾವಿಸಿದ್ದಾರೆ. ವಾಸ್ತವವಾಗಿ ಭಾರವನ್ನು ಹೊರುವುವು ಕಮಾನ್ ಪಟ್ಟಿಗಳು. ಗಾಲಿಯು ಹೊಂಡಕ್ಕೆ ಇಳಿದೆದ್ದಾಗ ಪಟ್ಟಿಗಳು ಬಾಗಿ ಚಿಮ್ಮುತ್ತವೆ. ಆ ಕುಣಿತವನ್ನು ಅಡಗಿಸುವುದು ಷಾಕ್ ಅಬ್ಸಾರ್ಬರಿನ ಧರ್ಮ. ಅದರ ಕೊಳವೆಯೊಳಗಿನ ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ನುಗ್ಗುವಾಗ ಚಲನೆಯ ಶಕ್ತಿಯು ಶಾಖವಾಗಿ ಮಾರ್ಪಡುತ್ತದೆ. ಎಣ್ಣೆ ಸೋರಿದರೆ ಅಥವಾ ಒಳಗಿನ ಕವಾಟ ಸವೆದರೆ ಗಾಲಿಯು ನೆಲ ಬಿಟ್ಟು ನೆಗೆಯತೊಡಗುತ್ತದೆ. ನೆಲವನ್ನು ಮುಟ್ಟದ ಗಾಲಿಗೆ ಬ್ರೇಕು ಹಿಡಿದು ಫಲವೇನು?

ಈ ದೋಷವು ಹೇರಿದ ಗಾಡಿಗಿಂತ ಖಾಲಿ ಗಾಡಿಯಲ್ಲಿ ಹೆಚ್ಚು ಕಾಣಿಸುತ್ತದೆ. ಭಾರಕ್ಕೆಂದೇ ರೂಪಿಸಿದ ಬಿಗಿಯಾದ ಪಟ್ಟಿಗಳ ಮೇಲೆ ತೂಕವಿಲ್ಲದಾಗ ಹಿಂಭಾಗವು ಪುಟಿಯುತ್ತದೆ. ಪುಣೆಗೆ ಸರಕು ಮುಟ್ಟಿಸಿ, ಮಳೆಗಾಲದಲ್ಲಿ ಖಂಡಾಳದ ಘಾಟಿಯನ್ನು ಖಾಲಿಯಾಗಿ ಇಳಿಯುವ ಹೊತ್ತು ಆದ್ದರಿಂದಲೇ ಅಪಾಯಕಾರಿ.

ದೋಷವನ್ನು ಅರಿಯುವ ಬಗೆ ಸರಳ. ಹಿಂಭಾಗವನ್ನು ಬಲವಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಲ್ಲದೆ ಮತ್ತೆ ಮತ್ತೆ ಕುಣಿದರೆ ಸಂಶಯಪಡಬೇಕು. ಕೊಳವೆಯ ಮೇಲೆ ಹಸಿ ಎಣ್ಣೆಯ ಜಿಡ್ಡು, ಒಡೆದ ರಬ್ಬರ್ ಬುಷ್, ಟೈರಿನಲ್ಲಿ ಅಲ್ಲಲ್ಲಿ ತಗ್ಗು ಬಿದ್ದಂತಹ ಸವೆತ, ಇವೂ ಲಕ್ಷಣಗಳೇ.

ಬದಲಾಯಿಸುವಾಗ ಎರಡೂ ಬದಿಯವನ್ನು ಒಟ್ಟಿಗೆ ಬದಲಾಯಿಸತಕ್ಕದ್ದು. ಒಂದು ಹೊಸದು, ಒಂದು ಹಳೆಯದಾದರೆ ಗಾಡಿಯ ವರ್ತನೆ ಎರಡೂ ಬದಿಗೆ ಸಮನಾಗಿರದು. ಹಿಂದಿನ ದಿನ ಸಂಜೆಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ದಿಮ್ಮಿ ಕೊಡಿ. ಹಿಂದಿನ ಗಾಲಿಗಳನ್ನು ಎತ್ತಿದ ಮೇಲೆ ಕೈಬ್ರೇಕಿನಿಂದ ಪ್ರಯೋಜನವಿಲ್ಲ. ಜಾಕನ್ನು ಮಾತ್ರ ನಂಬಿ ಯಾರೂ ಕೆಳಗೆ ನುಸುಳಬಾರದು. ಆಕ್ಸಲ್ಲಿನ ಎರಡೂ ಬದಿಗೆ ಕಬ್ಬಿಣದ ಸ್ಟ್ಯಾಂಡು ಇರಲಿ. ಇಟ್ಟಿಗೆ, ಕಲ್ಲುಗಳು ಸೀಳಿ ಪ್ರಾಣ ತೆಗೆಯಬಲ್ಲವು. ಗಾಡಿಯ ಕೆಳಗೆ ಸಾಕಷ್ಟು ಎಡೆಯಿದ್ದರೆ ಗಾಲಿ ಎತ್ತದೆಯೇ ಕೆಲಸ ಮುಗಿಸಬಹುದು.

ಒಂದು ಬದಿಯನ್ನು ಪೂರೈಸಿದ ನಂತರವೇ ಇನ್ನೊಂದು ಬದಿಯನ್ನು ಬಿಚ್ಚಿ. ಬಿಚ್ಚುವಾಗ ವಾಷರ್ ಮತ್ತು ಬುಷ್‌ಗಳ ಅನುಕ್ರಮವನ್ನು ಗುರುತಿಟ್ಟುಕೊಳ್ಳಿ. ಹಳೆಯ ಬುಷ್‌ಗಳನ್ನು ಮರಳಿ ಬಳಸುವ ಉಳಿತಾಯ ಬೇಡ. ಹೊಸದು ಬರಿಯ ಎಣ್ಣೆಯ ಬಗೆಯದಾಗಿದ್ದರೆ ಅದನ್ನು ನೆಟ್ಟಗೆ ಹಿಡಿದು ಮೂರು ನಾಲ್ಕು ಬಾರಿ ಎಳೆದು ಒತ್ತಿ, ಒಳಗಿನ ಗಾಳಿಯನ್ನು ಹೊರಡಿಸಬೇಕು. ನಟ್ಟುಗಳ ಕೊನೆಯ ಬಿಗಿತವನ್ನು ಗಾಡಿಯ ತೂಕವು ಹಿಂದಿನ ಆಕ್ಸಲ್ಲಿನ ಮೇಲೆ ಬಿದ್ದಿರುವಾಗಲೇ, ತಯಾರಕರ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಕೊಡಬೇಕು. ಆಕ್ಸಲ್ ಜೋತುಬಿದ್ದಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ. ಕೆಲವು ದಿನ ಓಡಿಸಿದ ಮೇಲೆ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸಿ.

ಇಷ್ಟೆಲ್ಲ ಮಾಡಿಯೂ ಮಿತಿಮೀರಿ ಹೇರಿದರೆ ಶ್ರಮ ವ್ಯರ್ಥ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಅಧಿಕ ಭಾರಕ್ಕೆ 20,000 ರೂಪಾಯಿ ದಂಡವಿದೆ. ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ಬೇರೆ. 8 ವರ್ಷ ಮೀರಿದ ಸಾರಿಗೆ ವಾಹನದ ಅರ್ಹತಾ ಪತ್ರವನ್ನು, ಅಂದರೆ ಎಫ್.ಸಿ.ಯನ್ನು, 2018ರ ನಿಯಮದ ಪ್ರಕಾರ ಪ್ರತಿ ವರ್ಷ ನವೀಕರಿಸಬೇಕು. ಆ ತಪಾಸಣೆಯ ದಿನಕ್ಕಾಗಿ ಕಾಯದೆ, ಪ್ರತಿ ಬಾರಿ ಎಂಜಿನ್ ಎಣ್ಣೆ ಬದಲಾಯಿಸುವಾಗ ಗಾಡಿಯ ಕೆಳಗೊಮ್ಮೆ ಇಣುಕಿ ನೋಡುವ ರೂಢಿಯನ್ನು ಬೆಳೆಸಿಕೊಳ್ಳಿರಿ. ಖರ್ಚು ಒಂದು ಜೊತೆ ಷಾಕ್ ಅಬ್ಸಾರ್ಬರಿನದು. ಅದರಿಂದ ಉಳಿಯುವುದು ನಿಮ್ಮ ಜೀವ, ರಸ್ತೆಯಲ್ಲಿ ಎದುರಾಗುವವರ ಜೀವ.