ಕಸಿಯಾದ ಮೂತ್ರಪಿಂಡ ಮತ್ತು ಮೈಯೊಳಗಿನ ಕಾವಲುಗಾರರು



ಸಿಂಧನೂರಿನ ಬಳಿ ಆರ್.ಎಚ್. ಕ್ಯಾಂಪ್ ಎಂದು ಕರೆಯುವ ಊರುಗಳಿವೆ. ಪೂರ್ವ ಪಾಕಿಸ್ತಾನವನ್ನು ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಪುನರ್ವಸತಿ ಕಲ್ಪಿಸಿದ ಸ್ಥಳಗಳವು. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ. ಹೊರಗಿನಿಂದ ಬಂದವರು ಈ ನೆಲದವರೇ ಆದರು. ನಮ್ಮ ದೇಹ ಮಾತ್ರ ಹೊರಗಿನಿಂದ ಬಂದದ್ದನ್ನು ಅಷ್ಟು ಸುಲಭವಾಗಿ ತನ್ನದೆಂದು ಒಪ್ಪುವುದಿಲ್ಲ.

ಅಂಥ ಒಂದು ಕ್ಯಾಂಪಿನಲ್ಲಿ ಎರಡೂ ಮೂತ್ರಪಿಂಡಗಳು ಕೆಟ್ಟ ತರುಣನೊಬ್ಬನಿದ್ದಾನೆಂದು ಊಹಿಸಿಕೊಳ್ಳಿ. ಅವನಿಗೆ ಒಡಹುಟ್ಟಿದವರು ಮೂವರು. ಮೂವರೂ ಕೊಡಲು ಸಿದ್ಧ. ಯಾರದು ಹೊಂದುತ್ತದೆ?

ಮೊದಲು ನೋಡುವುದು ರಕ್ತದ ಗುಂಪು. ಇದು ನಿಮಗೆ ಪಠ್ಯದಿಂದಲೇ ಗೊತ್ತಿರುವ ವಿಷಯ. ಅನಂತರದ್ದು ಎಚ್.ಎಲ್.ಎ. ಎಂಬ ಪ್ರತಿಜನಕಗಳು. ಇವು ಜೀವಕೋಶಗಳ ಮೇಲ್ಮೈಯಲ್ಲಿರುವ ಪ್ರೋಟೀನುಗಳು, ಒಂದು ಬಗೆಯ ಗುರುತಿನ ಚೀಟಿ. ಬಿಳಿ ರಕ್ತಕಣಗಳಲ್ಲಿ ಒಂದಾದ ಲಿಂಫೋಸೈಟ್ ಈ ಚೀಟಿಯನ್ನು ಪರೀಕ್ಷಿಸಿ, ಪರಕೀಯವೆಂದು ಕಂಡರೆ ದಾಳಿಗೆ ತೊಡಗುತ್ತದೆ. ಈ ದಾಳಿಯನ್ನೇ ವೈದ್ಯರು ‘ತಿರಸ್ಕಾರ’ ಎನ್ನುತ್ತಾರೆ. ಇದು ರೋಗವಲ್ಲ. ಕ್ಷಯದ ರೋಗಾಣುವಿನಿಂದ ನಮ್ಮನ್ನು ಕಾಯುವ ಕಾವಲುಗಾರರೇ ಇಲ್ಲಿಯೂ ತಮ್ಮ ಕರ್ತವ್ಯ ಮಾಡುತ್ತಿರುತ್ತಾರೆ.

ಎಚ್.ಎಲ್.ಎ. ವಂಶವಾಹಿಗಳು ಆರನೆಯ ವರ್ಣತಂತುವಿನಲ್ಲಿ ಒತ್ತಾಗಿ ಕುಳಿತಿವೆ. ಆದ್ದರಿಂದ ಅವು ಸಾಮಾನ್ಯವಾಗಿ ಒಂದು ಕಂತೆಯಾಗಿಯೇ ಮಕ್ಕಳಿಗೆ ಬರುತ್ತವೆ: ತಾಯಿಯಿಂದ ಒಂದು, ತಂದೆಯಿಂದ ಒಂದು. ಹಾಗಾಗಿ ತಂದೆತಾಯಿ ಅರ್ಧದಷ್ಟು ಹೊಂದುತ್ತಾರೆ. ಒಡಹುಟ್ಟಿದವರಲ್ಲಿ ಒಬ್ಬರು ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈಗ ಲೆಕ್ಕ ಮಾಡಿ. ಮೂವರಲ್ಲಿ ಯಾರೂ ಪೂರ್ಣವಾಗಿ ಹೊಂದದಿರುವ ಸಾಧ್ಯತೆ 3/4 × 3/4 × 3/4, ಅಂದರೆ 27/64. ಒಬ್ಬರಾದರೂ ಹೊಂದುವ ಸಾಧ್ಯತೆ 37/64, ನೂರಕ್ಕೆ ಸುಮಾರು 58.

ಪೂರ್ಣ ಹೊಂದಾಣಿಕೆ ಸಿಗದಿದ್ದರೆ ಕಸಿಯೇ ಇಲ್ಲವೆಂದು ತಿಳಿಯಬೇಡಿ. ಇಂದು ಹೆಂಡತಿ ಗಂಡನಿಗೆ ಕೊಟ್ಟ ಮೂತ್ರಪಿಂಡವೂ ಹಲವು ವರ್ಷ ಕೆಲಸ ಮಾಡುತ್ತದೆ. ಗಂಡ ಹೆಂಡತಿಗೆ ಕೊಡುವಾಗ ಮಾತ್ರ ಇನ್ನೊಂದು ಸೂಕ್ಷ್ಮವಿದೆ. ಬಸುರಿನಲ್ಲಿ ಮಗುವಿನ ಮೂಲಕ ಗಂಡನ ಪ್ರತಿಜನಕಗಳು ಹೆಂಡತಿಯ ದೇಹಕ್ಕೆ ಪರಿಚಯವಾಗಿರುತ್ತವೆ. ಅವುಗಳ ವಿರುದ್ಧ ಪ್ರತಿಕಾಯಗಳು ಅವಳ ರಕ್ತದಲ್ಲಿ ಮೊದಲೇ ಸಿದ್ಧವಾಗಿರಬಹುದು. ಪದೇ ಪದೇ ರಕ್ತ ಪಡೆದವರಲ್ಲಿಯೂ ಹೀಗಾಗುತ್ತದೆ.

ಅದಕ್ಕಾಗಿಯೇ ಕ್ರಾಸ್‌ಮ್ಯಾಚ್ ಪರೀಕ್ಷೆ. ದಾನಿಯ ಲಿಂಫೋಸೈಟುಗಳನ್ನು ರೋಗಿಯ ರಕ್ತದ ಸೀರಮ್ಮಿನೊಡನೆ ಬೆರೆಸುತ್ತಾರೆ. ಕಣಗಳು ಸತ್ತರೆ ಅಪಾಯ. 1969ರಲ್ಲಿ ಪಟೇಲ್ ಮತ್ತು ತೆರಸಾಕಿ ಎಂಬ ವಿಜ್ಞಾನಿಗಳು ಪ್ರಕಟಿಸಿದ ಲೆಕ್ಕ ನೋಡಿ: ಕಣಗಳು ಸತ್ತಿದ್ದ 30 ಕಸಿಗಳಲ್ಲಿ 24 ಕೂಡಲೇ ವಿಫಲವಾದವು; ಸಾಯದಿದ್ದ 195ರಲ್ಲಿ ಕೇವಲ 8. ಇಷ್ಟು ಸರಳವಾದ ಪರೀಕ್ಷೆ ಇಷ್ಟು ಜೀವ ಉಳಿಸಿದ್ದು ನನಗೆ ಇಂದಿಗೂ ಸೋಜಿಗ.

1954ರಲ್ಲಿ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆಯವರು ಮಾಡಿದ ಕಸಿ ಯಶಸ್ವಿಯಾಯಿತು. ಏಕೆಂದರೆ ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳು, ಚೀಟಿ ಒಂದೇ. ನಮ್ಮ ದೇಶದ ಮೊದಲ ಯಶಸ್ವಿ ಕಸಿ 1971ರಲ್ಲಿ ವೆಲ್ಲೂರಿನಲ್ಲಿ ನಡೆಯಿತು. ಅವಳಿಗಳಲ್ಲದವರಿಗೆ ಬಾಗಿಲು ಅಗಲವಾಗಿ ತೆರೆದದ್ದು ಔಷಧಗಳಿಂದ. ಅವುಗಳಲ್ಲಿ ಸೈಕ್ಲೋಸ್ಪೋರಿನ್ ದೊರೆತದ್ದು ನಾರ್ವೆಯ ಮಣ್ಣಿನಲ್ಲಿದ್ದ ಶಿಲೀಂಧ್ರದಿಂದ, ಟ್ಯಾಕ್ರೋಲಿಮಸ್ ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಿಂದ.

ನಮ್ಮ ತರುಣನಿಗೆ ಅಕ್ಕನ ಮೂತ್ರಪಿಂಡ ಪೂರ್ಣವಾಗಿ ಹೊಂದಿತೆನ್ನೋಣ. ಆದರೂ ಅವನು ಜೀವನಪೂರ್ತಿ ಮಾತ್ರೆ ನುಂಗಲೇಬೇಕು. ಎಚ್.ಎಲ್.ಎ. ಒಂದೇ ಆದರೂ ಬೇರೆ ಸಣ್ಣಪುಟ್ಟ ಭೇದಗಳು ಉಳಿದಿರುತ್ತವೆ. ಮೊದಲ ಕೆಲವು ತಿಂಗಳು ಅಪಾಯ ಹೆಚ್ಚು. ಅನಂತರ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಕಸಿಯಾಗಿ ಎರಡು ವರ್ಷವಾಯಿತು, ಮೈಯಲ್ಲಿ ಶಕ್ತಿ ಬಂದಿದೆ, ಭತ್ತದ ನಾಟಿಯ ಗಡಿಬಿಡಿ, ತಂದ ಮಾತ್ರೆ ಮುಗಿದಿದೆ, ಬೆಂಗಳೂರು ದೂರ. ನಾಲ್ಕು ದಿನ ಬಿಟ್ಟರೇನು ಎನ್ನಿಸುವುದು ಆಗಲೇ. ಮಲಗಿದ್ದ ಕಾವಲುಗಾರರು ಏಳುವುದೂ ಆಗಲೇ.

ಇನ್ನೊಂದು ಮೋಸವಿದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣವನ್ನು ಬಹಳ ಇಳಿಸಿಬಿಡುತ್ತದೆ. ರೋಗಿ ಎರಡೂ ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದರೂ ಮೂತ್ರಪಿಂಡಕ್ಕೆ ರಕ್ಷಣೆ ಇರುವುದಿಲ್ಲ. ಯಾವ ಹೊಸ ಔಷಧ ಬರೆಸುವಾಗಲೂ ‘ನನಗೆ ಕಸಿಯಾಗಿದೆ’ ಎಂದು ಮೊದಲು ಹೇಳಬೇಕು.

ತಿರಸ್ಕಾರ ಹಲವು ಸಲ ಸದ್ದಿಲ್ಲದೆ ಬರುತ್ತದೆ. ಜ್ವರ, ಕಾಲೂತ, ಮೂತ್ರ ಕಡಿಮೆಯಾಗುವುದು ಕಾಣಬಹುದು. ಏನೂ ಕಾಣದೆಯೂ ಇರಬಹುದು. ರಕ್ತದ ಕ್ರಿಯಾಟಿನಿನ್ 1.2ರಿಂದ 1.6ಕ್ಕೆ ಏರಿರುತ್ತದೆ, ಅಷ್ಟೆ. ಆಗ ಸೂಜಿಯಿಂದ ಮೂತ್ರಪಿಂಡದ ಚೂರು ತೆಗೆದು ಪರೀಕ್ಷಿಸಿ, ತಿರಸ್ಕಾರವೆಂದು ಖಚಿತವಾದರೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಬೇಗ ಗೊತ್ತಾದರೆ ಬಹುಪಾಲು ಹತೋಟಿಗೆ ಬರುತ್ತದೆ. ಕ್ರಿಯಾಟಿನಿನ್ ಪರೀಕ್ಷೆಗೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ತಾಲೂಕು ಊರಿನಲ್ಲೇ ರಕ್ತ ಕೊಟ್ಟು, ಬಂದ ಅಂಕಿಯನ್ನು ಅದೇ ದಿನ ಕಸಿ ಮಾಡಿದ ವೈದ್ಯರಿಗೆ ಫೋನಿನಲ್ಲಿ ತಿಳಿಸಬಹುದು.